ಯಹೂದಿ ಬೇರು, ಗ್ರೀಕ್ ನುಡಿ

ಕರಾವಳಿಯ ಕೆಥೊಲಿಕರು ತಮ್ಮ ಆರಾಧನಾಲಯವನ್ನು ‘ಇಗರ್ಜಿ’ ಎನ್ನುತ್ತಾರೆ. ಇದು ಪೋರ್ಚುಗೀಸರಿಂದ ಬಂದ ಪದವೆಂದು ಹಲವರಿಗೆ ಗೊತ್ತು. ಆದರೆ ಪೋರ್ಚುಗೀಸರಿಗೆ ಅದು ಲ್ಯಾಟಿನ್ ಮೂಲಕ ಗ್ರೀಕ್ ಭಾಷೆಯ ‘ಎಕ್ಲೇಸಿಯಾ’ದಿಂದ ಬಂತು. ಅಥೆನ್ಸಿನ ಪೌರರು ಒಟ್ಟು ಸೇರಿ ಊರಿನ ವಿಚಾರಗಳನ್ನು ತೀರ್ಮಾನಿಸುತ್ತಿದ್ದ ಸಭೆಗೆ ಆ ಹೆಸರಿತ್ತು. ಬೈಬಲ್, ಬಿಷಪ್, ಕ್ರಿಸ್ತ - ಇವೆಲ್ಲವೂ ಗ್ರೀಕ್ ಮೂಲದವೇ. ‘ಕ್ರಿಸ್ತೋಸ್’ ಎಂಬುದು ಹೀಬ್ರೂ ಭಾಷೆಯ ‘ಮಶೀಹ’ ಎಂಬ ಪದದ ಅನುವಾದ. ಎರಡಕ್ಕೂ ‘ಅಭಿಷಿಕ್ತ’ ಎಂದು ಅರ್ಥ. ಮುಸ್ಲಿಮರು ಹೇಳುವ ‘ಮಸೀಹ್’ ಅದೇ ಪದದ ಅರಬಿ ರೂಪ.

ಹಾಗೆಂದು ಗ್ರೀಕ್ ಭಾಷೆಯ ನಂಟು ಕ್ರೈಸ್ತರಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. ಪ್ರವಾದಿ ಈಸಾರಿಗೆ(ಅ) ನೀಡಲಾದ ಗ್ರಂಥವನ್ನು ಕುರ್‌ಆನ್ ‘ಇಂಜೀಲ್’ ಎಂದು ಕರೆಯುತ್ತದೆ. ಭಾಷಾ ವಿದ್ವಾಂಸರು ಈ ಪದದ ಜಾಡು ಹಿಡಿದು ಹೋಗಿ ತಲುಪುವುದು ಗ್ರೀಕಿನ ‘ಎವಾಂಗೆಲಿಯೋನ್’ ಎಂಬ ಪದಕ್ಕೆ. ‘ಒಳ್ಳೆಯ ಸುದ್ದಿ’ ಎಂದು ಅದರ ಅರ್ಥ. ಕನ್ನಡ ಬೈಬಲಿನ ‘ಸುವಾರ್ತೆ’ ಅದರ ನೇರ ಅನುವಾದ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಯೇಸು ಗಲಿಲಾಯದ ಯಹೂದಿ. ಅವರ ಮಾತು ಅರಮಾಯಿಕ್. ಅವರ ಮೊದಲ ಶಿಷ್ಯರೆಲ್ಲ ಯಹೂದಿಗಳು. ಹಾಗಿದ್ದೂ ಹೊಸ ಒಡಂಬಡಿಕೆಯ ಇಪ್ಪತ್ತೇಳು ಪುಸ್ತಕಗಳು ನಮಗೆ ಸಿಕ್ಕಿರುವುದು ಗ್ರೀಕ್ ಭಾಷೆಯಲ್ಲಿ. ಇದು ಹೇಗಾಯಿತು? ಎಲ್ಲವೂ ದೇವರ ಯೋಜನೆಯಂತೆ ನಡೆಯಿತು ಎಂದು ಕೆಲವರು ಮಾತು ಮುಗಿಸುತ್ತಾರೆ. ಎಲ್ಲವೂ ಪೌಲನೆಂಬ ಒಬ್ಬ ವ್ಯಕ್ತಿಯ ಕೈವಾಡ ಎಂದು ಇನ್ನು ಕೆಲವರು ತೀರ್ಪು ಕೊಡುತ್ತಾರೆ. ಎರಡನೆಯ ಮಾತು ಮುಸ್ಲಿಮರ ವೇದಿಕೆಗಳಲ್ಲಿ ಆಗಾಗ ಕೇಳಿಬರುವಂಥದ್ದು. ಮೊದಲನೆಯದು ನಂಬಿಕೆಯ ಮಾತು, ಅದರ ಚರ್ಚೆ ಇಲ್ಲಿ ಬೇಡ. ಎರಡನೆಯದು ಇತಿಹಾಸದ ಬಗ್ಗೆ ಹೇಳಿದ ಮಾತು. ಅದನ್ನು ಇತಿಹಾಸದ ಮುಂದಿಟ್ಟು ಪರೀಕ್ಷಿಸಬೇಕಾಗುತ್ತದೆ.

ಅಲೆಕ್ಸಾಂಡರನ ನಂತರ

ಕ್ರಿ.ಪೂ. 332ರಲ್ಲಿ ಪ್ಯಾಲೆಸ್ತೀನ್ ಪ್ರದೇಶ ಅಲೆಕ್ಸಾಂಡರನ ವಶವಾಯಿತು. ಒಂಬತ್ತು ವರ್ಷಗಳಲ್ಲಿ ಅವನು ಬಾಬಿಲೋನಿನಲ್ಲಿ ತೀರಿಕೊಂಡ. ಆದರೆ ಅವನ ಸೇನಾಪತಿಗಳು ಕಟ್ಟಿದ ರಾಜ್ಯಗಳು ಉಳಿದವು. ಈಜಿಪ್ಟಿನಲ್ಲಿ ಟಾಲೆಮಿ ವಂಶ, ಸಿರಿಯಾದಲ್ಲಿ ಸೆಲ್ಯುಸಿಡ್ ವಂಶ. ಯಹೂದಿಗಳ ನಾಡು ಮೊದಲು ಟಾಲೆಮಿಗಳ ಕೈಯಲ್ಲಿತ್ತು, ಕ್ರಿ.ಪೂ. 200ರ ಸುಮಾರಿಗೆ ಸೆಲ್ಯುಸಿಡರ ಪಾಲಾಯಿತು. ಆಡಳಿತ, ವ್ಯಾಪಾರ, ಶಿಕ್ಷಣ ಎಲ್ಲಕ್ಕೂ ಗ್ರೀಕ್ ಭಾಷೆ ಬೇಕಾಯಿತು. ಈ ಗ್ರೀಕ್ ಮಿಶ್ರಿತ ನಾಗರಿಕತೆಯನ್ನೇ ಇತಿಹಾಸಕಾರರು ‘ಹೆಲೆನಿಸ್ಟಿಕ್’ ಎಂದು ಕರೆಯುತ್ತಾರೆ.

ಯಹೂದಿಗಳು ಇದನ್ನು ಹೇಗೆ ಎದುರಿಸಿದರು? ಕ್ರಿ.ಪೂ. 175ರ ನಂತರ ಜೇಸನ್ ಎಂಬ ಗ್ರೀಕ್ ಹೆಸರಿಟ್ಟುಕೊಂಡ ಮಹಾಯಾಜಕ ಜೆರೂಸಲೇಮಿನಲ್ಲಿಯೇ ಗ್ರೀಕ್ ಮಾದರಿಯ ವ್ಯಾಯಾಮ ಶಾಲೆ ತೆರೆದ. ಕ್ರಿ.ಪೂ. 167ರಲ್ಲಿ ನಾಲ್ಕನೆಯ ಅಂತಿಯೋಕಸ್ ಎಂಬ ಸೆಲ್ಯುಸಿಡ್ ದೊರೆ ಸುನ್ನತಿಯನ್ನೂ ಸಬ್ಬತ್ ಆಚರಣೆಯನ್ನೂ ನಿಷೇಧಿಸಿ ದೇವಾಲಯವನ್ನು ಅಪವಿತ್ರಗೊಳಿಸಿದ. ಮಕ್ಕಬಿಯರ ದಂಗೆ ಎದ್ದಿತು. ಕ್ರಿ.ಪೂ. 164ರಲ್ಲಿ ದೇವಾಲಯ ಮತ್ತೆ ಶುದ್ಧವಾಯಿತು. ಯಹೂದಿಗಳು ಇಂದಿಗೂ ಹನುಕ್ಕಾ ಹಬ್ಬದಲ್ಲಿ ದೀಪ ಹಚ್ಚುವುದು ಆ ನೆನಪಿಗಾಗಿಯೇ.

ಕತೆ ಇಲ್ಲಿಗೇ ನಿಂತಿದ್ದರೆ ಗ್ರೀಕರು ಒಂದು ಕಡೆ, ಯಹೂದಿಗಳು ಒಂದು ಕಡೆ ಎಂದು ಗೆರೆ ಎಳೆದುಬಿಡಬಹುದಿತ್ತು. ಆದರೆ ಗ್ರೀಕ್ ದೊರೆಯ ವಿರುದ್ಧ ಕತ್ತಿ ಹಿರಿದ ಅದೇ ಮನೆತನದ ಮುಂದಿನ ತಲೆಮಾರಿನವರು ಅರಿಸ್ಟೊಬುಲಸ್, ಅಲೆಕ್ಸಾಂಡರ್ ಎಂದು ಹೆಸರಿಟ್ಟುಕೊಂಡರು. ಅಲೆಕ್ಸಾಂಡರ್ ಜನ್ನಾಯಸ್ ಅಚ್ಚು ಹಾಕಿಸಿದ ನಾಣ್ಯಗಳಲ್ಲಿ ಹೀಬ್ರೂ ಮತ್ತು ಗ್ರೀಕ್ ಲಿಪಿಗಳೆರಡೂ ಇವೆ. ಯುದ್ಧ ನಡೆದದ್ದು ದೇವರ ಕಾನೂನನ್ನು ಉಳಿಸಿಕೊಳ್ಳಲು. ಗ್ರೀಕ್ ಭಾಷೆಯೊಂದಿಗೆ ಯಾರಿಗೂ ಜಗಳವಿರಲಿಲ್ಲ.

ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಮೊದಲ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಜೆರೂಸಲೇಮಿನ ಉತ್ಖನನದಲ್ಲಿ ಒಂದು ಶಾಸನ ಸಿಕ್ಕಿತು. ಥಿಯೊಡೋಟಸ್ ಎಂಬ ಯಹೂದಿ ಯಾಜಕ ಒಂದು ಸಿನೆಗಾಗ್ ಕಟ್ಟಿಸಿದ್ದನ್ನು ಅದು ದಾಖಲಿಸುತ್ತದೆ. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾಗುವುದಕ್ಕೆ ಮುಂಚಿನದೆಂದು ಹೆಚ್ಚಿನ ವಿದ್ವಾಂಸರು ಅದನ್ನು ಗುರುತಿಸಿದ್ದಾರೆ. ಧರ್ಮಶಾಸ್ತ್ರದ ಓದು, ಆಜ್ಞೆಗಳ ಬೋಧನೆ, ಪರಊರುಗಳಿಂದ ಬಂದವರಿಗೆ ತಂಗಲು ಕೋಣೆ ಮತ್ತು ನೀರಿನ ವ್ಯವಸ್ಥೆ - ಇವು ಆ ಕಟ್ಟಡದ ಉದ್ದೇಶಗಳು. ಕಟ್ಟಿಸಿದವನ ತಂದೆ, ಅಜ್ಜ ಇಬ್ಬರೂ ಸಿನೆಗಾಗಿನ ಮುಖ್ಯಸ್ಥರಾಗಿದ್ದವರು. ಶಾಸನದ ಭಾಷೆ ಮಾತ್ರ ಗ್ರೀಕ್! ‘ಸಿನೆಗಾಗ್’ ಎಂಬ ಪದವೂ ಗ್ರೀಕಿನದೇ.

ಅನುವಾದದ ದಿನ ಹಬ್ಬವೋ ಸೂತಕವೋ

ಗ್ರೀಕ್ ಮಾತನಾಡುವ ಯಹೂದಿಗಳ ದೊಡ್ಡ ಕೇಂದ್ರ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರವಾಗಿತ್ತು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹೀಬ್ರೂ ದೂರವಾಗಿತ್ತು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲ್ಲಿಯೇ ತೌರಾತ್ ಗ್ರೀಕಿಗೆ ಅನುವಾದವಾಯಿತು. ಎಪ್ಪತ್ತೆರಡು ಮಂದಿ ಹಿರಿಯರು ಈ ಕೆಲಸ ಮಾಡಿದರೆಂಬ ಕತೆ ಹುಟ್ಟಿಕೊಂಡಿತು. ಹಾಗಾಗಿ ‘ಎಪ್ಪತ್ತು’ ಎಂಬ ಅರ್ಥದಲ್ಲಿ ‘ಸೆಪ್ಟುವಜಿಂಟ್’ ಎಂಬ ಹೆಸರು ನಿಂತಿತು. ಉಳಿದ ಗ್ರಂಥಗಳು ಮುಂದೆ ಒಂದೊಂದಾಗಿ ಅನುವಾದಗೊಂಡವು.

ಯೇಸುವಿನ ಸಮಕಾಲೀನನಾದ ಫೈಲೋ ಎಂಬ ಯಹೂದಿ ಚಿಂತಕ ಆ ನಗರದವನು. ಅನುವಾದದ ನೆನಪಿಗಾಗಿ ಪ್ರತಿ ವರ್ಷ ಫಾರೋಸ್ ದ್ವೀಪದಲ್ಲಿ ಹಬ್ಬ ನಡೆಯುತ್ತಿತ್ತೆಂದು ಅವನು ಬರೆದಿದ್ದಾನೆ. ಇದಕ್ಕೆ ವ್ಯತಿರಿಕ್ತವಾಗಿ, ತೌರಾತ್ ಗ್ರೀಕಿಗೆ ಅನುವಾದವಾದ ದಿನ ಇಸ್ರಾಯೇಲರು ಚಿನ್ನದ ಕರುವನ್ನು ಮಾಡಿದ ದಿನದಷ್ಟೇ ಕೆಟ್ಟದ್ದೆಂದು ನಂತರದ ಕಾಲದ ಯಹೂದಿ ಗ್ರಂಥವೊಂದು ಹೇಳುತ್ತದೆ. ಒಂದೇ ಘಟನೆ ಒಂದು ತಲೆಮಾರಿಗೆ ಹಬ್ಬ, ಇನ್ನೊಂದು ತಲೆಮಾರಿಗೆ ಸೂತಕ. ಈ ಎರಡರ ನಡುವೆ ನಡೆದದ್ದೇನು? ಆ ಅನುವಾದವನ್ನು ಕ್ರೈಸ್ತರು ತಮ್ಮ ಗ್ರಂಥವನ್ನಾಗಿ ಸ್ವೀಕರಿಸಿದರು.

ಒಂದು ಉದಾಹರಣೆ ನೋಡೋಣ. ಪ್ರವಾದಿ ಯೆಶಾಯನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಮಗುವನ್ನು ಹೆರಲಿರುವ ಒಬ್ಬಳ ಪ್ರಸ್ತಾಪವಿದೆ. ಹೀಬ್ರೂವಿನಲ್ಲಿ ಅವಳು ‘ಅಲ್ಮಾ’, ಅಂದರೆ ಯುವತಿ. ಗ್ರೀಕ್ ಅನುವಾದದಲ್ಲಿ ‘ಪಾರ್ಥೆನೋಸ್’, ಅಂದರೆ ಕನ್ಯೆ. ಮತ್ತಾಯನ ಸುವಾರ್ತೆ ಗ್ರೀಕ್ ಪದವನ್ನೇ ಆಧರಿಸಿತು. ಎರಡನೆಯ ಶತಮಾನದಲ್ಲಿ ಯಹೂದಿಗಳು ‘ಯುವತಿ’ ಎಂಬ ಅರ್ಥ ಕೊಡುವ ಹೊಸ ಗ್ರೀಕ್ ಅನುವಾದವನ್ನು ಬಳಕೆಗೆ ತಂದರು. ಮರ್ಯಮರ ಕನ್ಯತ್ವವನ್ನು ಕುರ್‌ಆನ್ ಸ್ವತಂತ್ರವಾಗಿ ಹೇಳುವುದರಿಂದ ಮುಸ್ಲಿಮರಿಗೆ ಈ ವಿವಾದ ತಟ್ಟುವುದಿಲ್ಲ. ನಾವಿಲ್ಲಿ ಗಮನಿಸಬೇಕಾದದ್ದು ಬೇರೆ. ಒಂದೇ ಗ್ರಂಥವನ್ನು ನಂಬಿದ ಎರಡು ಸಮುದಾಯಗಳು ಒಂದು ಪದದ ದೆಸೆಯಿಂದ ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ಕರೆಯುವ ಸ್ಥಿತಿಗೆ ಬಂದರು.

ಫೈಲೋ ಇನ್ನೊಂದು ಸೇತುವೆಯನ್ನೂ ಕಟ್ಟಿದ. ವಿಶ್ವವನ್ನು ನಡೆಸುವ ವಿವೇಕಕ್ಕೆ ಗ್ರೀಕ್ ತತ್ವಜ್ಞಾನಿಗಳು ‘ಲೋಗೋಸ್’ ಎನ್ನುತ್ತಿದ್ದರು. ದೇವರು ತನ್ನ ಮಾತಿನಿಂದಲೇ ಲೋಕವನ್ನು ಸೃಷ್ಟಿಸಿದ ಎಂಬುದು ತೌರಾತಿನ ಬೋಧನೆ. ಫೈಲೋ ಇವೆರಡನ್ನೂ ಬೆಸೆದ. ಮೊದಲ ಶತಮಾನದ ಕೊನೆಯ ಹೊತ್ತಿಗೆ ಬರೆಯಲ್ಪಟ್ಟ ಯೋಹಾನನ ಸುವಾರ್ತೆ ಆರಂಭವಾಗುವುದು ಇದೇ ಲೋಗೋಸ್‌ನಿಂದ. ಯೋಹಾನನು ಫೈಲೋನನ್ನು ಓದಿದ್ದನೆಂದು ಇದರ ಅರ್ಥವಲ್ಲ, ಇಬ್ಬರೂ ಒಂದೇ ಗಾಳಿಯನ್ನು ಉಸಿರಾಡಿದವರು. ಕನ್ನಡ ಬೈಬಲ್ ಲೋಗೋಸನ್ನು ‘ವಾಕ್ಯ’ ಎಂದು ಅನುವಾದಿಸಿತು. ಕುರ್‌ಆನ್ ಕೂಡ ಈಸಾರನ್ನು(ಅ) ಅಲ್ಲಾಹನ ‘ಕಲಿಮ’ ಎನ್ನುತ್ತದೆ. ಆದರೆ ಅದರಲ್ಲಿ ದೈವತ್ವದ ಅರ್ಥವಿಲ್ಲ.

ಪೌಲ ಮತ್ತು ಯಾಕೋಬ

ಅರಮಾಯಿಕ್ ಮಾತು ಸುವಾರ್ತೆಗಳಿಂದ ಪೂರ್ತಿ ಅಳಿಸಿಹೋಗಿಲ್ಲ. ಪ್ರಾರ್ಥನೆಯಲ್ಲಿ ಯೇಸು ದೇವರನ್ನು ‘ಅಬ್ಬಾ’ ಎಂದು ಕರೆದದ್ದನ್ನು ಮಾರ್ಕನ ಸುವಾರ್ತೆ ಹಾಗೆಯೇ ಉಳಿಸಿಕೊಂಡಿದೆ. ನಮ್ಮ ಉರ್ದು ಮನೆಗಳಲ್ಲಿ ಮಕ್ಕಳು ತಂದೆಯನ್ನು ಕರೆಯುವಂತೆಯೇ ಅದು ಕೇಳಿಸುತ್ತದೆ. ಹೀಬ್ರೂ, ಅರಮಾಯಿಕ್, ಅರಬಿ ಒಂದೇ ಕುಟುಂಬದ ಭಾಷೆಗಳಾದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ.

ಯೇಸುವಿನ ನಂತರ ಜೆರೂಸಲೇಮಿನ ಶಿಷ್ಯ ಸಮುದಾಯದಲ್ಲಿ ಆರಂಭದಿಂದಲೇ ಎರಡು ಭಾಷೆಗಳಿದ್ದವು. ದಿನದ ಊಟ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವವರು ದೂರಿದ ಸಂಗತಿ ‘ಅಪೊಸ್ತಲರ ಕೃತ್ಯಗಳು’ ಎಂಬ ಪುಸ್ತಕದಲ್ಲಿದೆ. ಪರಿಹಾರಕ್ಕಾಗಿ ಏಳು ಮಂದಿಯನ್ನು ಆರಿಸಲಾಯಿತು. ಏಳೂ ಹೆಸರುಗಳು ಗ್ರೀಕ್. ಅವರಲ್ಲೊಬ್ಬನಾದ ಸ್ತೆಫನ ಕಲ್ಲೇಟಿಗೆ ಬಲಿಯಾದ ಮೇಲೆ ಹಲವರು ಚದುರಿ ಅಂತಿಯೋಕ್ಯ ನಗರ ಸೇರಿದರು. ‘ಕ್ರೈಸ್ತರು’ ಎಂಬ ಹೆಸರು ಮೊದಲು ಕೇಳಿಬಂದದ್ದು ಅಲ್ಲಿ. ಇದೆಲ್ಲ ಪೌಲನ ಮಿಷನರಿ ಪ್ರಯಾಣಗಳಿಗೆ ಮುಂಚಿನ ಮಾತು.

ಪೌಲ ತಾರ್ಸಸ್ ನಗರದ ಯಹೂದಿ, ಫರಿಸಾಯ ಪಂಥದವನು. ಕ್ರಿ.ಶ. 50ರ ದಶಕದ ಅವನ ಪತ್ರಗಳು ನಮಗೆ ದೊರಕಿರುವ ಅತ್ಯಂತ ಹಳೆಯ ಕ್ರೈಸ್ತ ಬರಹಗಳು. ಯಹೂದಿಯೇತರರು ಯೇಸುವನ್ನು ನಂಬಲು ಸುನ್ನತಿ ಮಾಡಿಸಿಕೊಳ್ಳಬೇಕಿಲ್ಲ ಎಂದು ಅವನು ಹಟ ಹಿಡಿದ. ಜೆರೂಸಲೇಮಿನ ಸಮುದಾಯಕ್ಕೆ ಯೇಸುವಿನ ಸಹೋದರನೆಂದು ಕರೆಯಲ್ಪಡುವ ಯಾಕೋಬ ಮುಖ್ಯಸ್ಥನಾಗಿದ್ದ. ಸುಮಾರು ಕ್ರಿ.ಶ. 48-49ರಲ್ಲಿ ಇಬ್ಬರೂ ಕುಳಿತು ಮಾತಾಡಿ ಒಂದು ಒಪ್ಪಂದಕ್ಕೆ ಬಂದರು. ಆದರೂ ಅಂತಿಯೋಕ್ಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ವಿಷಯದಲ್ಲಿ ಪೇತ್ರನೊಡನೆ ಬಹಿರಂಗವಾಗಿಯೇ ಜಗಳವಾಯಿತೆಂದು ಪೌಲನೇ ಬರೆದಿದ್ದಾನೆ. ಯಾರ ಜೊತೆ ಕುಳಿತು ಉಣ್ಣಬಹುದು ಎಂಬ ಪ್ರಶ್ನೆಯ ಭಾರ ನಮ್ಮ ದೇಶದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಪೌಲನು ಯಹೂದಿ ಬೇರನ್ನು ಕಡಿದು ಹಾಕಿದನೇ? ಅವನ ರೋಮಾಪುರದವರಿಗೆ ಬರೆದ ಪತ್ರ ಓದಿದವರು ಹಾಗೆ ಹೇಳಲಾರರು. ಯಹೂದಿಗಳನ್ನು ಎಣ್ಣೆಮರದ ಬೇರಿಗೂ ಹೊರಗಿನಿಂದ ಬಂದವರನ್ನು ಕಸಿ ಕಟ್ಟಿದ ಕೊಂಬೆಗಳಿಗೂ ಹೋಲಿಸಿ, ಬೇರಿನ ಮುಂದೆ ಕೊಂಬೆ ಜಂಬ ಪಡಬಾರದೆಂದು ಅವನು ಎಚ್ಚರಿಸುತ್ತಾನೆ. ಮುಂದಿನವರು ಆ ಎಚ್ಚರಿಕೆಯನ್ನು ಮರೆತದ್ದಕ್ಕೆ ಪೌಲನೊಬ್ಬನನ್ನೇ ಹೊಣೆ ಮಾಡುವುದು ನ್ಯಾಯವಲ್ಲ.

ಬೇರು ಸಡಿಲವಾಗಲು ಯುದ್ಧಗಳೂ ಕಾರಣವಾದವು. ಕ್ರಿ.ಶ. 62ರಲ್ಲಿ ಯಾಕೋಬನ ಹತ್ಯೆಯಾಯಿತು. 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟರು. 132-135ರ ಬಾರ್ ಕೊಖ್ಬಾ ದಂಗೆಯ ನಂತರ ಚಕ್ರವರ್ತಿ ಹೇಡ್ರಿಯನ್ ಯಹೂದಿಗಳಿಗೆ ಜೆರೂಸಲೇಮ್ ಪ್ರವೇಶವನ್ನೇ ನಿಷೇಧಿಸಿದ. ಅಲ್ಲಿಯವರೆಗೆ ಜೆರೂಸಲೇಮಿನ ಹದಿನೈದು ಬಿಷಪ್ಪರೂ ಯಹೂದಿ ಮೂಲದವರಾಗಿದ್ದರೆಂದು ಚರ್ಚಿನ ಇತಿಹಾಸಕಾರ ಯುಸೇಬಿಯಸ್ ದಾಖಲಿಸುತ್ತಾನೆ. ನಂತರ ಬಂದವರು ಅನ್ಯ ಮೂಲದವರು. ತಾಯಿಮನೆಯ ಬಾಗಿಲು ಅಲ್ಲಿಗೆ ಮುಚ್ಚಿತು.

ತತ್ವಜ್ಞಾನಿಯ ಮೇಲಂಗಿ

ಇನ್ನು ಮುಂದೆ ಕ್ರೈಸ್ತ ಧರ್ಮ ಮಾತಾಡಬೇಕಾದದ್ದು ಗ್ರೀಕ್ ವಿದ್ಯಾವಂತರೊಂದಿಗೆ. ಇಂದಿನ ನಾಬ್ಲುಸ್‌ನಲ್ಲಿ ಹುಟ್ಟಿದ ಜಸ್ಟಿನ್ ಎಂಬಾತ ಕ್ರೈಸ್ತನಾದ ಮೇಲೂ ತತ್ವಜ್ಞಾನಿಗಳ ಮೇಲಂಗಿಯನ್ನು ಬಿಡಲಿಲ್ಲ. ಲೋಗೋಸ್ ಪ್ರಕಾರ ಬಾಳಿದ ಸಾಕ್ರೆಟಿಸ್ ಕೂಡ ಕ್ರೈಸ್ತನೇ ಎಂದು ಅವನು ವಾದಿಸಿದ. ಕಾರ್ಥೇಜಿನ ಟೆರ್ಟುಲಿಯನ್ ಇಂಥ ಬೆರಕೆಯನ್ನು ಕಟುವಾಗಿ ಖಂಡಿಸಿದ. ಆದರೆ ಅವನ ಬರಹಗಳಲ್ಲಿಯೂ ಗ್ರೀಕ್ ಸ್ಟೋಯಿಕರ ವಿಚಾರಗಳು ನುಸುಳಿವೆ.

ಮಾರ್ಸಿಯನ್ ಎಂಬವನು ಇನ್ನೊಂದು ತುದಿಗೆ ಹೋದ. ಯಹೂದಿಗಳ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ಹೇಳಿ ಇಡೀ ಹಳೆಯ ಒಡಂಬಡಿಕೆಯನ್ನು ಬಿಸಾಡಲು ಹೊರಟ. ಕ್ರಿ.ಶ. 144ರಲ್ಲಿ ರೋಮಿನ ಚರ್ಚು ಅವನನ್ನೇ ಹೊರಗೆ ಹಾಕಿತು. ಇದನ್ನು ನಾವು ಮರೆಯಬಾರದು. ಯಹೂದಿಗಳ ಗ್ರಂಥ ತನ್ನದೂ ಹೌದೆಂದು ಚರ್ಚು ಪಟ್ಟು ಹಿಡಿಯಿತು. ಗ್ರಂಥವನ್ನು ಉಳಿಸಿಕೊಂಡಿತು. ಗ್ರಂಥದ ಜನರನ್ನು ಮಾತ್ರ ದೂರ ಮಾಡುತ್ತಾ ಹೋಯಿತು.

ಕ್ರಿ.ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ. ಯೇಸು ದೇವರಿಂದ ಸೃಷ್ಟಿಯಾದವರೆಂದು ಅಲೆಕ್ಸಾಂಡ್ರಿಯಾದ ಏರಿಯಸ್ ವಾದಿಸುತ್ತಿದ್ದ. ಸಭೆ ಅದನ್ನು ತಿರಸ್ಕರಿಸಿ, ಮಗನು ತಂದೆಯೊಂದಿಗೆ ‘ಹೊಮೊಉಸಿಯೋಸ್’, ಅಂದರೆ ಒಂದೇ ಸತ್ವದವನು ಎಂದು ಸಾರಿತು. ಈ ಪದ ಬೈಬಲಿನಲ್ಲಿಲ್ಲ. ಅದು ಗ್ರೀಕ್ ತತ್ವಶಾಸ್ತ್ರದ ಅಂಗಳದ್ದು. ಗ್ರಂಥದ ಆಶಯವನ್ನು ಕಾಪಾಡಲು ಆ ಪದ ಬೇಕಾಯಿತೆಂದು ಕ್ರೈಸ್ತರು ಹೇಳುತ್ತಾರೆ. ಮುಸ್ಲಿಮರು ಮತ್ತು ಯಹೂದಿಗಳು ಇದನ್ನು ಒಪ್ಪುವುದಿಲ್ಲ. ಅದು ಸಿದ್ಧಾಂತದ ಭಿನ್ನಾಭಿಪ್ರಾಯ, ಇದ್ದೇ ಇರುತ್ತದೆ. ಅದೇ ಸಭೆಯ ಇನ್ನೊಂದು ತೀರ್ಮಾನದ ಬಗ್ಗೆ ಕಡಿಮೆ ಚರ್ಚೆಯಾಗಿದೆ. ಈಸ್ಟರ್ ದಿನವನ್ನು ಯಹೂದಿ ಪಂಚಾಂಗ ನೋಡಿ ನಿರ್ಧರಿಸುವ ಪದ್ಧತಿ ಅಲ್ಲಿ ಕೊನೆಗೊಂಡಿತು. ಯಹೂದಿಗಳನ್ನು ಅನುಸರಿಸುವುದು ತಮಗೆ ತಕ್ಕದ್ದಲ್ಲ ಎಂಬುದು ಚಕ್ರವರ್ತಿಯ ಸಮರ್ಥನೆಯಾಗಿತ್ತು.

ಸಾಮಾನ್ಯ ಜನರಿಗೆ ಈ ಗೆರೆ ಅಷ್ಟು ಬೇಗ ಅರ್ಥವಾಗಲಿಲ್ಲ. 386-387ರಲ್ಲಿ, ಅಂದರೆ ಯೇಸು ಹೋಗಿ ಮೂರೂವರೆ ಶತಮಾನಗಳ ಮೇಲೆಯೂ, ಅಂತಿಯೋಕ್ಯದ ಕ್ರೈಸ್ತರು ಸಿನೆಗಾಗಿಗೆ ಹೋಗುತ್ತಿದ್ದರು, ಯಹೂದಿ ಹಬ್ಬಗಳಲ್ಲಿ ಪಾಲ್ಗೊಳ್ಳುತ್ತಿದ್ದರು, ಅಲ್ಲಿ ಆಣೆ ಮಾಡಿದರೆ ಹೆಚ್ಚು ಗಟ್ಟಿ ಎಂದು ನಂಬಿದ್ದರು. ಇದು ನಮಗೆ ಗೊತ್ತಾಗುವುದು ಅವರನ್ನು ತಡೆಯಲು ಜಾನ್ ಕ್ರಿಸೊಸ್ತೋಮ್ ಎಂಬ ಪ್ರಸಿದ್ಧ ಪ್ರವಚನಕಾರ ಮಾಡಿದ ಎಂಟು ಪ್ರವಚನಗಳಿಂದ. ಯಹೂದಿಗಳ ಬಗ್ಗೆ ಅವುಗಳಲ್ಲಿರುವ ಬೈಗುಳವನ್ನು ಇಂದು ಕ್ರೈಸ್ತ ವಿದ್ವಾಂಸರೂ ಸಂಕೋಚದಿಂದ ಓದುತ್ತಾರೆ. ದರ್ಗಾಕ್ಕೂ ದೇವಸ್ಥಾನಕ್ಕೂ ಹರಕೆ ಹೊರುವ ನಮ್ಮ ಊರುಗಳ ಜನರ ಮೇಲೆ ಎರಡೂ ಕಡೆಯ ಉಪದೇಶಕರು ಸಿಟ್ಟಾಗುವುದನ್ನು ಕಂಡವರಿಗೆ ಈ ಚಿತ್ರ ಅಪರಿಚಿತವಲ್ಲ.

ಬೇರನ್ನು ಅರಸಿ ಹೋದವರೂ ಇದ್ದರು. ಜೆರೋಮ್ ಎಂಬ ವಿದ್ವಾಂಸ ಯಹೂದಿ ಗುರುಗಳಿಂದ ಹೀಬ್ರೂ ಕಲಿತು ಮೂಲದಿಂದಲೇ ಲ್ಯಾಟಿನಿಗೆ ಅನುವಾದಿಸಿದ. ಪ್ರವಾದಿ ಯೋನನಿಗೆ ನೆರಳು ಕೊಟ್ಟ ಗಿಡ ಅಲ್ಲಿಯತನಕ ಸೋರೆಬಳ್ಳಿಯಾಗಿತ್ತು. ಜೆರೋಮ್ ಅದನ್ನು ಬೇರೊಂದು ಬಳ್ಳಿಯೆಂದು ಬರೆದ. ಇಂದಿನ ಲಿಬಿಯಾದ ಟ್ರಿಪೋಲಿಯಲ್ಲಿ ಇದನ್ನು ಓದಿದಾಗ ಸಭೆಯಲ್ಲಿ ಗಲಾಟೆಯೇ ಎದ್ದಿತು! ಬಿಷಪ್ಪರು ಸ್ಥಳೀಯ ಯಹೂದಿಗಳನ್ನು ಕೇಳಬೇಕಾಗಿ ಬಂತೆಂದು ಅಗಸ್ಟೀನ್ ಪತ್ರದಲ್ಲಿ ಬರೆದಿದ್ದಾನೆ. ಕೇಳಲು ಪಕ್ಕದಲ್ಲಿ ಯಹೂದಿಗಳಿದ್ದರು ಎಂಬುದೇ ಇಲ್ಲಿ ಸಮಾಧಾನದ ವಿಷಯ.

ಬೇರು ಕಡಿದರೆ ಏನಾಗುತ್ತದೆ

ಇದೆಲ್ಲ ಹಳೆಯ ಕತೆ, ಇಂದೇಕೆ ಎಂದು ಓದುಗರು ಕೇಳಬಹುದು. 1939ರ ಮೇ ತಿಂಗಳಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ ಪ್ರೊಟೆಸ್ಟೆಂಟ್ ಚರ್ಚುಗಳ ಬೆಂಬಲದಿಂದ ಒಂದು ಸಂಸ್ಥೆ ಆರಂಭವಾಯಿತು. ಚರ್ಚಿನ ಬದುಕಿನಿಂದ ಯಹೂದಿ ಪ್ರಭಾವವನ್ನು ನಿರ್ಮೂಲ ಮಾಡುವುದು ಅದರ ಘೋಷಿತ ಗುರಿ. ಯೇಸು ಯಹೂದಿಯೇ ಆಗಿರಲಿಲ್ಲ ಎಂದು ಸಾಧಿಸಲು ಅದರ ವಿದ್ವಾಂಸ ವಾಲ್ಟರ್ ಗ್ರುಂಡ್‌ಮನ್ ಪುಸ್ತಕ ಬರೆದ. 1940ರಲ್ಲಿ ಯಹೂದಿ ಗುರುತುಗಳನ್ನು ಅಳಿಸಿದ ಹೊಸ ಒಡಂಬಡಿಕೆಯೊಂದನ್ನು ಅದು ಪ್ರಕಟಿಸಿತು. ಅದೇ ವರ್ಷಗಳಲ್ಲಿ ಅರವತ್ತು ಲಕ್ಷ ಯಹೂದಿಗಳ ಕೊಲೆಯಾಯಿತು. ಎರಡನೆಯ ಶತಮಾನದಲ್ಲಿ ಚರ್ಚು ಹೊರಹಾಕಿದ್ದ ಮಾರ್ಸಿಯನ್ ಇಪ್ಪತ್ತನೆಯ ಶತಮಾನದಲ್ಲಿ ಪ್ರಭುತ್ವದ ಬೆಂಬಲದೊಂದಿಗೆ ಹಿಂದಿರುಗಿದಂತಾಗಿತ್ತು.

ಗ್ರೀಕ್ ಭಾಷೆಯಿಂದ ಈ ಅನಾಹುತವಾಯಿತೆಂದು ನಾವು ಹೇಳುತ್ತಿಲ್ಲ. ಗ್ರೀಕ್ ಇಲ್ಲದಿದ್ದರೆ ಗಲಿಲಾಯದ ಸಂದೇಶ ಗಲಿಲಾಯದಲ್ಲಿಯೇ ಉಳಿಯುತ್ತಿತ್ತೇನೋ. ನುಡಿ ಬದಲಾದದ್ದು ತಪ್ಪಲ್ಲ, ತಾಯಿಯನ್ನು ಮರೆತದ್ದು ತಪ್ಪು. ಮರೆವಿಗೆ ಅಧಿಕಾರ ಸೇರಿಕೊಂಡಾಗ ಅದು ಕೊಲೆಗಡುಕನಾಯಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಯೇಸುವಿನ ಮರಣದ ಹೊಣೆಯನ್ನು ಯಹೂದಿ ಜನಾಂಗದ ಮೇಲೆ ಹೊರಿಸಬಾರದೆಂದು ಘೋಷಿಸಿತು. ಪೌಲನ ಎಣ್ಣೆಮರವನ್ನು ಮತ್ತೆ ನೆನಪಿಸಿತು. ಮುಸ್ಲಿಮರ ಬಗ್ಗೆ ಗೌರವದ ಮಾತುಗಳೂ ಅದೇ ಘೋಷಣೆಯಲ್ಲಿವೆ.

ನಮ್ಮ ಮನೆಯ ಕನ್ನಡಿಯನ್ನೂ ನೋಡಿಕೊಳ್ಳೋಣ. ಅಬ್ಬಾಸಿಯರ ಬಗ್ದಾದಿನಲ್ಲಿ ಗ್ರೀಕ್ ವೈದ್ಯ ಗ್ರಂಥಗಳನ್ನು ಅರಬಿಗೆ ತಂದ ಹುನೈನ್ ಬಿನ್ ಇಸ್‌ಹಾಕ್ ಕ್ರೈಸ್ತರಾಗಿದ್ದರು. ಗ್ರೀಕ್ ತತ್ವಶಾಸ್ತ್ರವನ್ನು ಎಲ್ಲಿಯವರೆಗೆ ಒಳಗೆ ಬಿಟ್ಟುಕೊಳ್ಳಬಹುದೆಂದು ಇಮಾಮ್ ಗಝಾಲಿ ಮತ್ತು ಇಬ್ನ್ ರುಶ್ದ್ ವಾದ ಮಾಡಿದರು. ಯಹೂದಿ ಪಂಡಿತ ಮೈಮೊನಿಡಿಸ್ ತನ್ನ ಪ್ರಮುಖ ತತ್ವಗ್ರಂಥವನ್ನು ಅರಬಿಯಲ್ಲಿ ಬರೆದ. ಪರರ ನುಡಿಯನ್ನು ಸಾಲ ಪಡೆಯದ ಧರ್ಮ ಈ ಮೂರರಲ್ಲಿ ಯಾವುದೂ ಇಲ್ಲ.

ಹಳೆಯ ಸೆಮಿಟಿಕ್ ನುಡಿಯೂ ಪೂರ್ತಿ ಮರೆಯಾಗಲಿಲ್ಲ. ಅರಮಾಯಿಕ್‌ನ ಒಂದು ರೂಪವಾದ ಸಿರಿಯಾಕ್ ಭಾಷೆಯನ್ನು ಪೂರ್ವದ ಚರ್ಚುಗಳು ಉಳಿಸಿಕೊಂಡವು. ಅದು ಕೇರಳದ ಸಿರಿಯನ್ ಕ್ರೈಸ್ತರಿಗೂ ಬಂತು. ಅವರಲ್ಲಿ ಅನೇಕರು ದಕ್ಷಿಣ ಕನ್ನಡದಲ್ಲಿ ನೆಲೆಸಿದ್ದಾರೆ, 1999ರಿಂದ ಬೆಳ್ತಂಗಡಿಯಲ್ಲಿ ಅವರದೇ ಧರ್ಮಪ್ರಾಂತ್ಯವಿದೆ. ಅವರು ಯೇಸುವನ್ನು ‘ಈಶೋ’ ಎನ್ನುತ್ತಾರೆ. ತಮ್ಮ ಬಲಿಪೂಜೆಯನ್ನು ‘ಕುರ್ಬಾನ’ ಎನ್ನುತ್ತಾರೆ. ಬಕ್ರೀದಿನ ‘ಕುರ್ಬಾನಿ’ ಕೂಡ ಅದೇ ಧಾತುವಿನಿಂದ ಹುಟ್ಟಿದ್ದು. ಎರಡರಲ್ಲೂ ಇರುವ ಅರ್ಥ ‘ಹತ್ತಿರವಾಗುವುದು’.